ಮಂಡ್ಯ ಜಿಲ್ಲೆಯ ಬ್ಯಾಂಕ್ ಮ್ಯಾನೇಜರ್‌ಗಳಿಗೆ: ಮೋಸ ಹೋದವ್ರು ಬಂದಾಗ ಮೊದ್ಲು ದುಡ್ಡು ತಡೀರಿ, ಪ್ರಶ್ನೆ ಆಮೇಲೆ ಕೇಳಿ

ಮಾನ್ಯ ಮ್ಯಾನೇಜರ್ ಸಾಹೇಬ್ರಿಗೆ ಮತ್ತೆ ಮೇಡಂ ಅವ್ರಿಗೆ,

ನಮಸ್ಕಾರ. ನಂದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ, ಬಸ್‌ಸ್ಟಾಪ್ ಹತ್ರ ಜೆರಾಕ್ಸು, ರೀಚಾರ್ಜು, ಆನ್‌ಲೈನ್ ಅರ್ಜಿ ಹಾಕೋ ಸಣ್ಣ ಅಂಗಡಿ ಇಟ್ಕೊಂಡಿದೀನಿ. ಪಹಣಿ ತೆಗ್ಸೋಕೆ ಬರೋರು, ಪಿಂಚಣಿ ಬಂತಾ ನೋಡಿ ಅನ್ನೋರು, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿಗೆ ಬರೋರು, ಬಂದ ಕೆಲ್ಸ ಮುಗಿದ ಮೇಲೆ ಫೋನ್ ಕೈಗೆ ಕೊಟ್ಟು "ಇದೇನೋ ಬಂದದೆ, ವಸಿ ನೋಡಪ್ಪ" ಅಂತಾರೆ. ಹಂಗಾಗಿ ನಮ್ಮ ಸುತ್ತಮುತ್ತ ಫೋನ್‌ಪೇ, ಗೂಗಲ್‌ಪೇಲಿ ಯಾರ್ಯಾರು ಹೆಂಗೆ ದುಡ್ಡು ಕಳ್ಕೊಂಡ್ರು ಅಂತ ನನಗೆ ಚೆನ್ನಾಗಿ ಗೊತ್ತಾಗುತ್ತೆ, ಕಳ್ಕೊಂಡ ಮೇಲೆ ಬ್ಯಾಂಕಲ್ಲಿ ಅವ್ರಿಗೆ ಏನಾಯ್ತು ಅನ್ನೋದೂ ಗೊತ್ತಾಗುತ್ತೆ. ಈ ಪತ್ರ ಬರೀತಿರೋದು ಆ ಎರಡನೇದಕ್ಕೆ. ಯಾವ ಬ್ಯಾಂಕು, ಯಾವ ಶಾಖೆ ಅಂತ ಬರೆಯಲ್ಲ, ಒಬ್ರನ್ನ ಹಿಡ್ಕೊಂಡು ಬೈಯೋದು ನನ್ನ ಉದ್ದೇಶ ಅಲ್ಲ, ಇದು ನಿಮ್ಮೆಲ್ಲರ ಶಾಖೆಗೂ ಸಂಬಂಧಪಟ್ಟ ವಿಷ್ಯ.

ಯುಪಿಐ ಶುರುವಾಗಿದ್ದು 2016ರಲ್ಲಿ. ಈಗ ಮಂಡ್ಯ ಪೇಟೆ ಬೀದೀಲಿ ಸೊಪ್ಪು ಮಾರೋ ಅಜ್ಜಿ ಹತ್ರನೂ ಕ್ಯೂಆರ್ ಕೋಡ್ ಇದೆ, ಮೈಸೂರು ದೇವರಾಜ ಮಾರ್ಕೆಟ್‌ಗೆ ಹೋದ್ರೆ ಹೂವಿನ ಬುಟ್ಟಿ ಮೇಲೇ ಸ್ಟಿಕ್ಕರ್ ಅಂಟಿಸಿರ್ತಾರೆ. ಹಾಲಿನ ಬಟವಾಡೆ ಬ್ಯಾಂಕ್ ಖಾತೆಗೆ, ಕಬ್ಬಿನ ದುಡ್ಡು ಖಾತೆಗೆ, 2023ರ ಆಗಸ್ಟ್‌ನಲ್ಲಿ ಮೈಸೂರಲ್ಲೇ ಶುರು ಮಾಡಿದ ಗೃಹಲಕ್ಷ್ಮಿ 2000 ರೂಪಾಯಿನೂ ಖಾತೆಗೆ. ಅಂದ್ರೆ ಜೀವನದಲ್ಲಿ ಯಾವತ್ತೂ ಬ್ಯಾಂಕ್ ಮೆಟ್ಟಿಲು ಹತ್ತದೇ ಇದ್ದ ಹೆಣ್ಮಕ್ಕಳ ಹೆಸರಲ್ಲೂ ಇವತ್ತು ಖಾತೆ ಇದೆ, ಆ ಖಾತೆ ಅವ್ರ ಮಗನೋ ಸೊಸೆನೋ ಕೊಡಿಸಿದ ಫೋನಿಗೆ ಲಿಂಕ್ ಆಗಿದೆ. ಇದು ಒಳ್ಳೇದೇ, ನಾನೇನು ಬೇಡ ಅಂತಿಲ್ಲ. ನೂರು ರೂಪಾಯಿ ಕಟ್ಟೋಕೆ ಇಪ್ಪತ್ತು ಕಿಲೋಮೀಟರ್ ಬಸ್ಸಲ್ಲಿ ಹೋಗೋದು ತಪ್ಪಿದೆ. ಆದ್ರೆ ಲಿಂಕ್ ಮಾಡಿಸ್ಕೊಳ್ಳಿ, ಡೌನ್‌ಲೋಡ್ ಮಾಡ್ಕೊಳ್ಳಿ, ಕೌಂಟರ್‌ಗೆ ಬರಬೇಡಿ ಅಂತ ಹೇಳಿದ್ದು ನೀವು, ಆಮೇಲೆ ದುಡ್ಡು ಹೋದಾಗ ಮೊದಲನೇ ಮಾತಿಗೇ "ಪಿನ್ ಯಾಕ್ರೀ ಹಾಕಿದ್ರಿ" ಅಂತ ಕೇಳೋರೂ ನೀವೇ. ಅದು ಸರಿಯಲ್ಲ.

ನಮ್ಮೂರಲ್ಲಿ ನಡೆದಿದ್ದು ಒಂದು ಹೇಳ್ತೀನಿ. ಒಬ್ರು ಯಜಮಾನ್ರು, ನಾನು ದೊಡ್ಡಯ್ಯ ಅಂತ ಕರೆಯೋರು, ಹಳೇ ಪವರ್ ಟಿಲ್ಲರ್ ಮಾರಬೇಕು ಅಂತ ಅಣ್ಣನ ಮಗನ ಕೈಲಿ ಫೋಟೋ ತೆಗ್ಸಿ ಆನ್‌ಲೈನಲ್ಲಿ ಹಾಕಿಸಿದ್ರು. ಸಾಯಂಕಾಲನೇ ಫೋನ್ ಬಂತು. ಅರ್ಧ ಕನ್ನಡ ಅರ್ಧ ಹಿಂದೀಲಿ ಒಬ್ಬ, ನಾನು ಮಿಲಿಟ್ರೀಲಿದೀನಿ, ಟಿಲ್ಲರ್ ನಮ್ಮ ತಮ್ಮನಿಗೆ ಬೇಕು, ರೇಟ್ ಜಾಸ್ತಿ ಆಯ್ತು ಅಂತ ಒಂದು ಮಾತೂ ಇಲ್ಲ, ಅಡ್ವಾನ್ಸ್ ಈಗ್ಲೇ ಹಾಕ್ತೀನಿ ಅಂದ. ಯೂನಿಫಾರ್ಮ್ ಹಾಕಿರೋ ಫೋಟೋನೂ ಐಡಿ ಕಾರ್ಡೂ ವಾಟ್ಸಾಪಲ್ಲಿ ಕಳಿಸಿದ. ಆಮೇಲೆ ಸೊಸೆ ಫೋನಿಗೆ ಒಂದು ಕ್ಯೂಆರ್ ಕೋಡ್ ಬಂತು, ಅದನ್ನ ನಿಮ್ಮ ಫೋನಲ್ಲಿ ಸ್ಕ್ಯಾನ್ ಮಾಡಿ ಅಂದ. ಮೊದ್ಲು ಐದು ರೂಪಾಯಿಂದು. ದೊಡ್ಡಯ್ಯ ಸ್ಕ್ಯಾನ್ ಮಾಡಿ ಪಿನ್ ಹಾಕಿದ್ರು, ಅವ್ರ ಖಾತೆಗೆ ಹತ್ತು ರೂಪಾಯಿ ಬಂತು. ಐದು ಹೋಗಿ ಹತ್ತು ಬಂದಿದ್ದು, ಅವ್ರಿಗೆ ಕಂಡಿದ್ದು ಹತ್ತು ಬಂದಿದ್ದು ಮಾತ್ರ. ಆಮೇಲೆ ಇನ್ನೊಂದು ಕೋಡ್, ಅದರ ಚಿತ್ರದ ಮೇಲೆ ದಪ್ಪಕ್ಷರದಲ್ಲಿ ಇಂಗ್ಲಿಷಲ್ಲಿ ರಿಸೀವ್ 15,000 ಅಂತ ಬರೆದಿತ್ತು. ಸೊಸೆ ಓದಿ "ಬತ್ತದೆ ಅಂತ ಬರೆದವ್ರೆ ಮಾವ" ಅಂದ್ಲು. ಅದು ಕಳ್ಳ ಬರ್ಕೊಂಡ ಬರಹ, ಬ್ಯಾಂಕಿಂದೂ ಅಲ್ಲ, ಆ್ಯಪಿಂದೂ ಅಲ್ಲ. ದೊಡ್ಡಯ್ಯನ ಫೋನಿನ ಸ್ಕ್ರೀನಲ್ಲಿ ಮಾತ್ರ ದುಡ್ಡು ಕಳಿಸೋ ಬಟನ್ನೇ ಇತ್ತು, ಇಂಗ್ಲಿಷಲ್ಲಿತ್ತು, ಅವ್ರಿಗೆ ಓದೋಕೆ ಬರಲ್ಲ. ಪಿನ್ ಹಾಕಿದ್ರು. 15,000 ಹೋಯ್ತು. ಅವನು ಅಯ್ಯೋ ಸರ್ವರ್ ಎರರ್ ಆಯ್ತು, ಇನ್ನೊಂದ್ ಸಲ ಮಾಡಿ ಎರಡೂ ಸೇರಿ ವಾಪಸ್ ಬರುತ್ತೆ ಅಂದ, ಇನ್ನೊಂದು 15,000 ಹೋಯ್ತು. ಹಸು ಮಾರಿ ಮಗಳ ಬಾಣಂತನಕ್ಕೆ ಅಂತ ಇಟ್ಟಿದ್ದ ದುಡ್ಡು.

ಬೆಳಗ್ಗೆ ಶಾಖೆ ಬಾಗಿಲು ತೆಗೆಯೋಕೆ ಮುಂಚೆನೇ ಹೋಗಿ ನಿಂತಿದ್ರು. ಕೌಂಟರಲ್ಲಿದ್ದ ಹುಡುಗ ಬೇರೆ ರಾಜ್ಯದವನು, ಅವನಿಗೆ ಇವ್ರ ಮಾತು ಅರ್ಥ ಆಗ್ಲಿಲ್ಲ, ಇವ್ರಿಗೆ ಅವನ ಮಾತು. ಇನ್ನೊಬ್ರು ಬಂದು ನಿಮ್ದು ಹೋಮ್ ಬ್ರಾಂಚ್ ಬೇರೆ, ಅಲ್ಲಿಗೆ ಹೋಗಿ ಅಂದ್ರು. ಅಲ್ಲಿಗೆ ಹೋದ್ರೆ ಪೊಲೀಸ್ ಕಂಪ್ಲೇಂಟ್ ಕಾಪಿ ತನ್ನಿ ಅಂದ್ರು. ಸ್ಟೇಷನ್ನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ತನ್ನಿ ಅಂದ್ರು. ಊಟ ಇಲ್ಲ, ನೀರಿಲ್ಲ, ಮೂರು ಕಡೆ ಸುತ್ತಿ ಸಾಯಂಕಾಲ ನನ್ನ ಅಂಗಡಿಗೆ ಬಂದ್ರು. ಅವ್ರು ನನ್ನ ಕೇಳಿದ್ದು ದುಡ್ಡಿನ ವಿಷ್ಯ ಅಲ್ಲ. "ನಾನೇನು ಕದ್ದೋನಾ, ಎಲ್ರೂ ಯಾಕಪ್ಪ ನನ್ನೇ ಬೈತಾರೆ" ಅಂತ ಕೇಳಿದ್ರು. ಅವತ್ತು ನಾನೇ ಕೂತ್ಕೊಂಡು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ ದೂರು ಕೊಡಿಸಿದೆ. ಅಷ್ಟೊತ್ತಿಗೆ ಒಂದು ರಾತ್ರಿ ಒಂದು ಹಗಲು ಕಳೆದುಹೋಗಿತ್ತು, ದುಡ್ಡು ಆ ಖಾತೇಲಿ ಇರಲಿಲ್ಲ.

ಸಾಹೇಬ್ರೇ, ಹೋದ ದುಡ್ಡು ಹೆಂಗೆ ಓಡುತ್ತೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಆದ್ರೂ ಇದನ್ನ ಓದೋ ಬೇರೆಯವ್ರಿಗೋಸ್ಕರ ಬರೀತೀನಿ. ಕಳ್ಳ ದುಡ್ಡನ್ನ ತನ್ನ ಹೆಸರಿನ ಖಾತೆಗೆ ಹಾಕಿಸ್ಕೊಳ್ಳಲ್ಲ. ಬಾಡಿಗೆಗೆ ತಗೊಂಡಿರೋ ಯಾರದೋ ಖಾತೆಗೆ ಹೋಗುತ್ತೆ, ಅಲ್ಲಿಂದ ನಿಮಿಷಗಳಲ್ಲಿ ಎರಡು ಮೂರು ಖಾತೆಗೆ ಚೂರಾಗುತ್ತೆ, ಕೊನೆಗೆ ಎಲ್ಲೋ ಒಂದು ಎಟಿಎಮ್ಮಲ್ಲಿ ನೋಟಾಗಿ ಹೊರಗೆ ಬರುತ್ತೆ. ನೋಟಾದ ಮೇಲೆ ಸಿಗೋದು ಕಷ್ಟ. ಅದಕ್ಕೆ ಮೊದ್ಲೇ 1930ಕ್ಕೆ ಫೋನ್ ಹೋದ್ರೆ, ಅವ್ರು ಆ ವ್ಯವಹಾರದ ವಿವರನ ದುಡ್ಡು ಹೋಗಿರೋ ಬ್ಯಾಂಕಿಗೆ ಕಂಪ್ಯೂಟರಲ್ಲೇ ಕಳಿಸ್ತಾರೆ, ಆ ಖಾತೇಲಿ ಇನ್ನೂ ಉಳಿದಿದ್ರೆ ಅಷ್ಟನ್ನ ತಡೆ ಹಿಡೀತಾರೆ, ಮುಂದಕ್ಕೆ ಹೋಗಿದ್ರೆ ಮುಂದಿನ ಬ್ಯಾಂಕಿಗೆ ದಾಟಿಸ್ತಾರೆ. ಕೇಂದ್ರ ಗೃಹ ಇಲಾಖೆ ಈ ವ್ಯವಸ್ಥೆ ಶುರು ಮಾಡಿದ್ದು 2021ರಲ್ಲಿ. ಆವಾಗ ನಂಬರ್ 155260 ಇತ್ತು, ಆಮೇಲೆ 1930 ಆಯ್ತು. ಫೋನ್ ಮಾಡಿದಾಗ ಕೇಳೋದು ಯಾವ ಬ್ಯಾಂಕು, ಎಷ್ಟು ದುಡ್ಡು, ಎಷ್ಟೊತ್ತಿಗೆ ಹೋಯ್ತು, ಮತ್ತೆ ಆ ವ್ಯವಹಾರದ 12 ಅಂಕಿಯ ಯುಟಿಆರ್ ನಂಬರ್. ಆ ನಂಬರ್ ಆ್ಯಪಿನ ಹಿಸ್ಟರೀಲಿ ಆ ಪೇಮೆಂಟ್ ಮೇಲೆ ಒತ್ತಿದ್ರೆ ಸಿಗುತ್ತೆ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್ಲಲ್ಲಿ ಪೂರ್ತಿ ದೂರು ಹಾಕ್ಬೇಕು. ಜಿಲ್ಲೇಲಿ ಸಿಇಎನ್ ಪೊಲೀಸ್ ಠಾಣೆನೂ ಇದೆ, ಸೈಬರ್, ಆರ್ಥಿಕ ಅಪರಾಧ, ಮಾದಕವಸ್ತು ಕೇಸಿಗೆ ಅಂತ ಇರೋದು.

ಇಷ್ಟು ದೊಡ್ಡ ವ್ಯವಸ್ಥೆ ಇದ್ರೂ ನಮ್ಮ ದೊಡ್ಡಯ್ಯನಿಗೆ ಆ ನಾಲ್ಕು ಅಂಕಿ ಯಾರೂ ಹೇಳ್ಲಿಲ್ಲ ನೋಡಿ, ಎರಡು ಶಾಖೆ ಒಂದು ಸ್ಟೇಷನ್ ಸುತ್ತಿದ್ರೂ ಹೇಳ್ಲಿಲ್ಲ. ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಇನ್ನೊಂದು ವಿಷ್ಯ ಇದೆ, ಇದು ಕಾನೂನಿಂದು. ಆರ್‌ಬಿಐ 2017ರ ಜುಲೈನಲ್ಲೇ ಎಲ್ಲಾ ಬ್ಯಾಂಕಿಗೂ ಸುತ್ತೋಲೆ ಕಳಿಸಿತ್ತು. ಗ್ರಾಹಕನ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ಬೇರೆ ಎಲ್ಲೋ ತೂತಾಗಿ ದುಡ್ಡು ಹೋಯ್ತು ಅಂದ್ರೆ, ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ಗ್ರಾಹಕನ ಮೇಲೆ ಒಂದು ರೂಪಾಯಿ ಹೊಣೆನೂ ಇಲ್ಲ. ಅವನೇ ಪಿನ್ನೋ ಓಟಿಪಿನೋ ಕೊಟ್ಟಿದ್ರೆ ಅಲ್ಲಿ ತನಕ ಹೋದದ್ದು ಅವನ ತಲೆ ಮೇಲೆ, ಆದ್ರೆ ಬ್ಯಾಂಕಿಗೆ ತಿಳಿಸಿದ ನಿಮಿಷದಿಂದ ಮುಂದೆ ಹೋದದ್ದು ಬ್ಯಾಂಕಿನ ಹೊಣೆ. ತಪ್ಪು ಗ್ರಾಹಕಂದೇ ಅಂತ ಸಾಬೀತು ಮಾಡೋ ಭಾರನೂ ಬ್ಯಾಂಕಿನ ಮೇಲೇ. ಹಂಗಿದ್ಮೇಲೆ ಹೇಳಿ, ತಿಳಿಸಿದ್ದು ಎಷ್ಟು ಗಂಟೆಗೆ ಅನ್ನೋದು ಎಷ್ಟು ಮುಖ್ಯ? ದೊಡ್ಡಯ್ಯ ಬೆಳಗ್ಗೆ ನಿಮ್ಮಂಥದ್ದೇ ಒಂದು ಶಾಖೆ ಬಾಗ್ಲಲ್ಲಿ ನಿಂತು ಬಾಯಲ್ಲಿ ಹೇಳಿದ್ರು, ಯಾರೂ ಬರ್ಕೊಳ್ಳಲಿಲ್ಲ, ಅಂದ್ರೆ ಕಾಗದದ ಮೇಲೆ ಅವ್ರು ತಿಳಿಸೇ ಇಲ್ಲ. ಅವ್ರ ಖಾತೇಲಿ ಇನ್ನೂ ನಾಲ್ಕು ಸಾವಿರ ಇತ್ತು, ಅದು ಹೋಗಿದ್ರೆ ಯಾರ ಲೆಕ್ಕಕ್ಕೆ?

ಅದಕ್ಕೇ ನನ್ನ ಮೊದಲನೇ ಬೇಡಿಕೆ. ಮೋಸ ಹೋದೆ ಅಂತ ಯಾರೇ ಬಂದ್ರೂ, ಯಾವ ಶಾಖೆ ಖಾತೆ ಆದ್ರೂ, ಬೇರೆ ಬ್ಯಾಂಕಿನವ್ರೇ ಆದ್ರೂ, ಮೊದ್ಲು ಕುರ್ಚಿ ಕೊಡಿ, 1930ಕ್ಕೆ ನಿಮ್ಮ ಮುಂದೆನೇ ಫೋನ್ ಮಾಡಿಸಿ. ನಿಮ್ಮ ಬ್ಯಾಂಕಿನ ಖಾತೆ ಆಗಿದ್ರೆ ಯುಪಿಐ, ಕಾರ್ಡು ಎರಡೂ ಬ್ಲಾಕ್ ಮಾಡಿ, ಲಿಖಿತ ದೂರು ತಗೊಂಡು ಸೀಲ್ ಹಾಕಿ ಟೈಮ್ ಬರೆದು ಒಂದು ಕಾಪಿ ಕೊಡಿ. ಬುದ್ಧಿ ಹೇಳೋದಿದ್ರೆ ಆಮೇಲೆ ಹೇಳಿ, ಕೇಳ್ತಾರೆ. ಮೂವತ್ತು ದಿನದೊಳಗೆ ನೀವು ಸರಿಯಾದ ಉತ್ತರ ಕೊಡ್ಲಿಲ್ಲ ಅಂದ್ರೆ ಬ್ಯಾಂಕಿನ ಮೇಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು, 14448 ಅನ್ನೋ ನಂಬರ್ ಇದೆ ಅಂತಾನೂ ಅವ್ರಿಗೆ ತಿಳಿಸಿ. ನಿಮ್ಮ ಮೇಲೇ ದೂರು ಕೊಡೋ ದಾರಿ ನೀವೇ ತೋರ್ಸೋದು ಕಷ್ಟ ಅನ್ಸಬಹುದು, ಆದ್ರೆ ಜನಕ್ಕೆ ನಂಬಿಕೆ ಬರೋದು ಹಂಗೇನೇ.

ಎರಡನೇದು, ದುಡ್ಡು ಹೋಗೋಕೆ ಮುಂಚೆ ಮಾಡಬಹುದಾದ ಕೆಲ್ಸ. ಯುಪಿಐ ಶುರು ಮಾಡ್ಕೊಡಿ ಅಂತ ಬಂದವ್ರಿಗೆ, ಎಟಿಎಂ ಕಾರ್ಡ್ ಕೊಡೋವಾಗ, ಫೋನ್ ನಂಬರ್ ಬದಲಾಯಿಸೋವಾಗ, ಐದು ನಿಮಿಷ ಕೂರಿಸ್ಕೊಂಡು ಕನ್ನಡದಲ್ಲಿ ಹೇಳಿ. ಪಿನ್ ಇರೋದು ದುಡ್ಡು ಕೊಡೋಕೆ ಮತ್ತೆ ಬ್ಯಾಲೆನ್ಸ್ ನೋಡೋಕೆ, ನಮಗೆ ದುಡ್ಡು ಬರೋಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಏನೂ ಒತ್ತೋದು ಬೇಡ, ಸುಮ್ನೆ ಕೂತಿದ್ರೂ ಬರುತ್ತೆ. ಇದೊಂದು ತಲೇಲಿ ಕೂತ್ರೆ ದೊಡ್ಡಯ್ಯನಿಗೆ ಆದಂಥ ಮೋಸ ನಡೆಯಲ್ಲ. ದುಡ್ಡು ಕೇಳೋ ಕಲೆಕ್ಟ್ ರಿಕ್ವೆಸ್ಟನ್ನ ಯುಪಿಐ ನಡೆಸೋ ಎನ್‌ಪಿಸಿಐನವ್ರು ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ ಕಳಿಸೋದನ್ನ 2025ರ ಅಕ್ಟೋಬರ್ ತಿಂಗಳಿಂದ ನಿಲ್ಸಿದಾರೆ, ಒಳ್ಳೇ ಕೆಲ್ಸ, ಆದ್ರೆ ಕ್ಯೂಆರ್ ದಾರಿ ಹಂಗೇ ತೆರೆದಿದೆ. ಪಿನ್ ಹಾಕೋ ಮುಂಚೆ ಸ್ಕ್ರೀನಲ್ಲಿ ಬರೋ ಹೆಸರು ನೋಡೋದನ್ನೂ ಕಲಿಸಿ. ಈಗ ಅಲ್ಲಿ ಬರೋದು ಬ್ಯಾಂಕಲ್ಲಿ ನೋಂದಾಯಿಸಿರೋ ಹೆಸರು, ಬೇಕಾದ ಅಡ್ಡಹೆಸರು ತೋರ್ಸೋ ಹಂಗಿಲ್ಲ ಅಂತ 2025ರಲ್ಲಿ ನಿಯಮ ಮಾಡಿದಾರೆ. ಮಿಲಿಟ್ರಿ ಸಾಹೇಬ ಅಂದವನ ಕೋಡ್ ಸ್ಕ್ಯಾನ್ ಮಾಡಿದಾಗ ಯಾವ್ದೋ ಬೇರೆ ಹೆಸರು ಬಂದ್ರೆ ಅಲ್ಲೇ ನಿಲ್ಲಿಸ್ಬೇಕು.

ಮತ್ತೆ ಆ್ಯಪನ್ನ ಕನ್ನಡಕ್ಕೆ ಬದಲಾಯಿಸಿ ಕೊಡಿ. ಜಾಸ್ತಿ ಜನ ಬಳಸೋ ಆ್ಯಪ್‌ಗಳಲ್ಲಿ ಭಾಷೆ ಆಯ್ಕೆ ಇದೆ, ಸೆಟ್ಟಿಂಗ್ಸಲ್ಲಿ ಒಂದೆರಡು ಸಲ ಒತ್ತಿದ್ರೆ ಆಯ್ತು. ನನ್ನ ಅಂಗಡಿಗೆ ಬರೋರಿಗೆ ನಾನು ಈಗ ಮೊದ್ಲು ಮಾಡ್ಕೊಡೋದು ಅದೇ. ನಾಲ್ಕನೇ ಕ್ಲಾಸ್ ಓದಿರೋ ಅಕ್ಕ ಒಬ್ರು, ಕನ್ನಡ ಬಂದ ಮೇಲೆ ಹಿಸ್ಟರಿ ಪೂರ್ತಿ ಒಂದೊಂದೇ ಓದಿ, ಮೊಮ್ಮಗ ತನಗೆ ಗೊತ್ತಿಲ್ದೆ ಗೇಮಿಗೆ ಹಾಕಿದ್ದ ದುಡ್ಡನ್ನೂ ಕಂಡುಹಿಡಿದ್ರು.

ಮೋಸದ ರೀತಿಗಳು ತಿಂಗಳು ತಿಂಗಳು ಬದಲಾಗ್ತಾ ಇವೆ, ಎಲ್ಲಾನೂ ಬರೆದ್ರೆ ಮುಗಿಯಲ್ಲ, ಈಗ ನಮ್ಮ ಕಡೆ ಜಾಸ್ತಿ ಕಾಣ್ತಿರೋದು ಹೇಳ್ತೀನಿ. ವಾಟ್ಸಾಪಿಗೆ ಎಪಿಕೆ ಅನ್ನೋ, ಒತ್ತಿದ್ರೆ ಫೋನಿಗೆ ಆ್ಯಪ್ ಹಾಕೋ ಫೈಲ್ ಬರುತ್ತೆ. ಪಿಎಂ ಕಿಸಾನ್ ಕಂತು ಅಂತನೋ, ಟ್ರಾಫಿಕ್ ಫೈನ್ ಅಂತನೋ, ಮದುವೆ ಕರೆಯೋಲೆ ಅಂತನೋ ಹೆಸರಿರುತ್ತೆ, ಅದೂ ಗೊತ್ತಿರೋರ ನಂಬರಿಂದನೇ ಬರುತ್ತೆ ಯಾಕಂದ್ರೆ ಅವ್ರ ಫೋನ್ ಆಗ್ಲೇ ಹ್ಯಾಕ್ ಆಗಿರುತ್ತೆ. ಒತ್ತಿ ಇನ್‌ಸ್ಟಾಲ್ ಮಾಡಿ ಕೇಳಿದ ಪರ್ಮಿಷನ್‌ಗೆಲ್ಲ ಹ್ಞೂಂ ಅಂದ್ರೆ ಫೋನಿಗೆ ಬರೋ ಮೆಸೇಜೆಲ್ಲ ಅವನ ಕೈಗೆ ಹೋಗುತ್ತೆ, ಓಟಿಪಿ ನೀವು ಹೇಳೋದೇ ಬೇಡ, ಅವನೇ ಓದ್ಕೋತಾನೆ. ಮದುವೆ ಸೀಸನ್ನಲ್ಲಿ ಕರೆಯೋಲೆ ಬಂದ್ರೆ ಯಾರು ತಾನೇ ಒತ್ತಲ್ಲ ಹೇಳಿ. ಆಷಾಢ ಕಳೆದ ಮೇಲೆ ಈ ಫೈಲು ಇನ್ನೂ ಜಾಸ್ತಿ ಓಡಾಡುತ್ತೆ ಅಂತ ನನಗೆ ಭಯ ಇದೆ. ಕರೆಯೋಲೆ ಫೋಟೋ ಆಗೋ ಪಿಡಿಎಫ್ ಆಗೋ ಬರುತ್ತೆ, ಇನ್‌ಸ್ಟಾಲ್ ಮಾಡು ಅನ್ನಲ್ಲ.

ಇನ್ನೊಂದು, ತಪ್ಪಿ ದುಡ್ಡು ಬಂತು ಅನ್ನೋದು. "ಅಮ್ಮ, ಆಸ್ಪತ್ರೆಗೆ ಕಳಿಸೋ ದುಡ್ಡು ತಪ್ಪಿ ನಿಮಗೆ ಬಂದ್ಬಿಟ್ಟಿದೆ, ದಯವಿಟ್ಟು ವಾಪಸ್ ಹಾಕಿ" ಅಂತ ಅಳ್ತಾ ಫೋನ್ ಮಾಡ್ತಾರೆ, ದುಡ್ಡು ಜಮಾ ಆಗಿದೆ ಅಂತ ಮೆಸೇಜೂ ಬಂದಿರುತ್ತೆ. ಆ ಮೆಸೇಜ್ ನೋಡಿದ್ರೆ ಹತ್ತು ಅಂಕಿ ಮೊಬೈಲ್ ನಂಬರಿಂದ ಬಂದಿರುತ್ತೆ, ಬ್ಯಾಂಕಿನ ಮೆಸೇಜು ಹಂಗೆ ಬರಲ್ಲ. ನಮ್ಮ ಕಡೆ ಜನ ಬೇರೆಯವ್ರ ದುಡ್ಡು ಒಂದು ರಾತ್ರಿನೂ ಇಟ್ಕೊಳ್ಳೋಕೆ ಒಪ್ಪಲ್ಲ, ಆ ಒಳ್ಳೇತನಾನೇ ಕಳ್ಳರು ಹಿಡ್ಕೊಂಡಿದಾರೆ. ಬ್ಯಾಲೆನ್ಸ್ ನೋಡ್ಬೇಕು, ನಿಜವಾಗ್ಲೂ ಬಂದಿದ್ರೆ ಕೈಯಾರೆ ವಾಪಸ್ ಹಾಕೋದು ಬೇಡ, ನಿಮ್ಮ ಬ್ಯಾಂಕಿಗೆ ಹೇಳಿ ಅವ್ರ ಮೂಲಕ ತಗೊಳ್ಳಿ ಅನ್ಬೇಕು. ಈ ಮಾತನ್ನ ನಾನು ಹೇಳೋದಕ್ಕಿಂತ ಮ್ಯಾನೇಜರ್ ಕುರ್ಚೀಲಿ ಕೂತವ್ರು ಹೇಳಿದ್ರೆ ಜನ ನಂಬ್ತಾರೆ.

ಕಸ್ಟಮರ್ ಕೇರ್ ನಂಬರ್ ಗೂಗಲಲ್ಲಿ ಹುಡುಕೋದು, ಎನಿಡೆಸ್ಕ್ ಥರದ ಸ್ಕ್ರೀನ್ ತೋರ್ಸೋ ಆ್ಯಪ್ ಹಾಕಿಸೋದು, ಈ ಮೆಸೇಜನ್ನ ಈ ನಂಬರಿಗೆ ಫಾರ್ವರ್ಡ್ ಮಾಡಿ ಅನ್ನೋದು, ಇವೆಲ್ಲ ಹಳೇವಾದ್ರೂ ಇನ್ನೂ ನಡೀತಾನೇ ಇವೆ. ಕೊನೇದು ಬಹಳ ಅಪಾಯ, ಯುಪಿಐ ಆ್ಯಪು ಫೋನ್ ಗುರುತು ಹಿಡಿಯೋದು ನಮ್ಮ ಸಿಮ್ಮಿಂದ ಹೋಗೋ ಆ ಒಂದು ಮೆಸೇಜಿಂದ, ಅದನ್ನ ನಾವೇ ಕಳಿಸಿಕೊಟ್ರೆ ನಮ್ಮ ಖಾತೆ ಅವನ ಫೋನಲ್ಲಿ ಕೂತ್ಕೊಳ್ಳುತ್ತೆ.

ಈಗ ಕಾಲೇಜು ಹುಡುಗರ ವಿಷ್ಯ, ಇದು ಮೈಸೂರು ಮಂಡ್ಯ ಎರಡೂ ಕಡೆಗೂ ಸೇರಿದ್ದು. ನಿನ್ನ ಖಾತೆ ಕೊಡು, ದುಡ್ಡು ಬಂದು ಹೋಗುತ್ತೆ, ನಿನಗೆ ಕಮಿಷನ್ ಅಂತ ಕೇಳೋರು ಇದಾರೆ. ಎಟಿಎಂ ಕಾರ್ಡು, ಸಿಮ್ಮು ಎರಡೂ ಕೊಟ್ಟು ಎರಡೋ ಮೂರೋ ಸಾವಿರ ತಗೊಳ್ಳೋ ಹುಡುಗನಿಗೆ ತಾನು ಮಾಡ್ತಿರೋದು ಏನು ಅಂತಾನೂ ಗೊತ್ತಿರಲ್ಲ, ಪೊಲೀಸ್ರು ಮೊದ್ಲು ಬರೋದು ಅವನ ಮನೆಗೆ. ವಿದ್ಯಾರ್ಥಿ ಖಾತೆ ತೆಗೀವಾಗ ಈ ಮಾತನ್ನ ಅವನಿಗೂ ಅವನ ಅಪ್ಪ ಅಮ್ಮನಿಗೂ ಬಿಡಿಸಿ ಹೇಳಿ. ಇದರ ಇನ್ನೊಂದು ಕಡೆನೂ ಇದೆ. ಕಳ್ಳನೋ ಅವನ ದುಡ್ಡು ಮುಟ್ಟಿದವನೋ ಬಂದು ಟೀ ಕುಡಿದು ಮೂವತ್ತು ರೂಪಾಯಿ ಸ್ಕ್ಯಾನ್ ಮಾಡಿ ಹೋಗ್ತಾನೆ, ಆ ಟೀ ಅಂಗಡಿಯವ್ರ ಖಾತೆ ಪೂರ್ತಿ ಫ್ರೀಜ್ ಆಗುತ್ತೆ. ಯಾವ ರಾಜ್ಯದ ಯಾವ ಸ್ಟೇಷನ್, ದೂರಿನ ನಂಬರ್ ಏನು ಅಂತ ಕೂಡ ಶಾಖೇಲಿ ಹೇಳಲ್ಲ, ನಮಗೆ ಗೊತ್ತಿಲ್ಲ ಮೇಲಿಂದ ಬಂದಿದೆ ಅಂತಾರೆ. ದಯವಿಟ್ಟು ಆ ವಿವರ ಬರೆದು ಕೊಡಿ. ಇಲ್ಲದಿದ್ರೆ ನಮ್ಮ ಅಂಗಡಿಯವ್ರು ಮತ್ತೆ ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕ್ತಾರೆ.

ಕೌಂಟರಲ್ಲಿರೋ ಬೇರೆ ರಾಜ್ಯದ ಹುಡುಗರನ್ನ ನಾನು ದೂರಲ್ಲ, ಅವ್ರೂ ಮನೆ ಬಿಟ್ಟು ಬಂದವ್ರೇ. ಆದ್ರೆ ಪ್ರತಿ ಶಾಖೇಲೂ ಕನ್ನಡ ಬರೋ ಒಬ್ರಾದ್ರೂ ಈ ಕೆಲ್ಸಕ್ಕೆ ಅಂತಲೇ ಇರಲಿ, ಅವ್ರ ಕುರ್ಚಿ ಎಲ್ಲಿದೆ ಅಂತ ಬಾಗ್ಲಲ್ಲಿ ಬರೆದಿರಲಿ. 1930 ಅನ್ನೋದನ್ನ ಗೋಡೆ ಮೇಲೆ, ಪಾಸ್‌ಬುಕ್ ಮೇಲೆ, ಎಟಿಎಂ ಬಾಗ್ಲ ಮೇಲೆ ದಪ್ಪಕ್ಷರದಲ್ಲಿ ಹಾಕ್ಸಿ. ಎಚ್ಚರಿಕೆ ಮೆಸೇಜು ಇಂಗ್ಲಿಷಲ್ಲಿ ಬಂದ್ರೆ ನಮ್ಮ ಜನ ಅದನ್ನೂ ಲೋನ್ ಮೆಸೇಜು ಅಂದ್ಕೊಂಡು ಡಿಲೀಟ್ ಮಾಡ್ತಾರೆ, ಕನ್ನಡದಲ್ಲಿ ಕಳಿಸಿ.

ಎಷ್ಟೋ ಜನ ಬಂದು ಹೇಳೋದೇ ಇಲ್ಲ ಅನ್ನೋದನ್ನೂ ನೀವು ತಿಳ್ಕೊಳ್ಳಬೇಕು. ಗಂಡನಿಗೆ ಗೊತ್ತಾದ್ರೆ ಬೈತಾನೆ, ಮಗ ಫೋನ್ ಕಿತ್ಕೋತಾನೆ, ಊರವ್ರು ಆಡ್ಕೋತಾರೆ ಅಂತ ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ಕಳ್ಕೊಂಡ ಹೆಂಗಸ್ರು ಬಾಯೇ ಬಿಡಲ್ಲ. ಒಬ್ರು ತಾಯಿ ನನ್ನ ಹತ್ರ ಬಂದು ಹೇಳಿದ್ದು ಎರಡು ತಿಂಗಳಾದ ಮೇಲೆ, ಅದೂ ಅಂಗಡೀಲಿ ಬೇರೆ ಯಾರೂ ಇಲ್ಲದಾಗ. ಅಂಥವ್ರು ಧೈರ್ಯ ಮಾಡಿ ಶಾಖೆಗೆ ಬಂದಾಗ ಎಲ್ರ ಮುಂದೆ ಜೋರಾಗಿ ಬೈದ್ರೆ, ಆ ಊರಿಂದ ಇನ್ಯಾರೂ ದೂರು ಕೊಡೋಕೆ ಬರಲ್ಲ, ಕಳ್ಳನಿಗೆ ಬೇಕಾಗಿರೋದೂ ಅದೇ.

ಕೊನೇದಾಗಿ ಒಂದು ಕೇಳ್ಕೋತೀನಿ. ಪಟ್ಟಣದ ಹಾಲಲ್ಲಿ ಬ್ಯಾನರ್ ಕಟ್ಟಿ ಜಾಗೃತಿ ಕಾರ್ಯಕ್ರಮ ಮಾಡಿದ್ರೆ ನಮ್ಮ ಜನ ಬರಲ್ಲ, ಅವತ್ತಿನ ಕೂಲಿ ಬಿಟ್ಟು ಬರೋಕಾಗಲ್ಲ. ನೀವೇ ಹಾಲು ಹಾಕೋ ಹೊತ್ತಿಗೆ ಡೇರಿ ಹತ್ರ ಬನ್ನಿ. ಬೆಳಗ್ಗೆ ಆರೂವರೆಯಿಂದ ಏಳೂವರೆ ತನಕ ಇಡೀ ಊರೇ ಕ್ಯಾನ್ ಹಿಡ್ಕೊಂಡು ಅಲ್ಲಿರುತ್ತೆ, ಜಾಸ್ತಿ ಹೆಣ್ಮಕ್ಕಳೇ ಇರ್ತಾರೆ, ಎಲ್ರ ಸೆರಗಿನ ಗಂಟಲ್ಲೂ ಫೋನಿರುತ್ತೆ. ನಮ್ಮೂರ ಡೇರಿ ಸೆಕ್ರೆಟರಿ ಜೊತೆ ಮಾತಾಡಿದೀನಿ, ಮೈಕ್ ಕೊಡ್ತೀನಿ ಅಂದಿದಾರೆ. ಕಾಲು ಗಂಟೆ ಸಾಕು. ಯಾವ ದಿನ ಬರ್ತೀರಿ ಅಂತ ತಿಳಿಸಿ, ಹಿಂದಿನ ದಿನ ಸಾಯಂಕಾಲನೇ ಊರಿಗೆಲ್ಲ ಹೇಳಿಸ್ತೀವಿ.

ಇಂತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಜೆರಾಕ್ಸ್ ಅಂಗಡಿಯವನು